ಹನ್ನೊಂದು ಮರದ ದೂರ

ಕಳೆದ ವಾರ ಪಂಚಾಯಿತಿ ಕಟ್ಟಡದ ಮುಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಅವರನ್ನು ‘ವೃಕ್ಷಪ್ರೇಮಿ’ ಎಂದು ಕರೆದಿದ್ದರು. ಆಧಾರ್ ಕಾರ್ಡಿನ ಫೋಟೋವನ್ನು ಹಿಗ್ಗಿಸಿದ್ದರಿಂದ ಮುಖ ಹರಡಿಹೋಗಿ ಯಾರದ್ದು ಬೇಕಾದರೂ ಆಗಬಹುದಾಗಿತ್ತು. ಅವರು ಮರಗಳನ್ನು ಪ್ರೀತಿಸಿದ್ದನ್ನು ನಾನಂತೂ ನೋಡಿಲ್ಲ. ಅವರು ಮರಗಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು, ಅಷ್ಟೇ. ಕೆಲಸ ಮಾಡದ ಮರವನ್ನು ಬೈಯುತ್ತಿದ್ದರು, ಒದೆಯುತ್ತಿದ್ದರು.

ಶ್ರದ್ಧಾಂಜಲಿ ಸಭೆಯಲ್ಲಿ ಓದಲು ಎರಡು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದರು. ಬರೆದುಕೊಟ್ಟೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಅವರೂ ಇರಲಿಲ್ಲ. ಇಲ್ಲಿ ಇನ್ನೊಮ್ಮೆ ಪ್ರಯತ್ನಿಸುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರ ಹೆಸರು ಬರೆದರೆ ಪೇಟೆಯ ಹೆಸರು ಬರೆಯಬೇಕು, ಆಮೇಲೆ ಉಳಿದವರದ್ದು, ಕೊನೆಗೆ ನನ್ನದು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಅವರ ಎದುರಿಗೆ ನಾನು ‘ನೀವು’ ಎನ್ನುತ್ತಿದ್ದೆ, ಆದರೆ ನನ್ನ ಹಳೆಯ ಡೈರಿ ತೆಗೆದರೆ ‘ಬಂದಿದ್ದ’, ‘ಹೋದ’, ‘ಕೂಗಾಡಿದ’ ಎಂದೇ ಇದೆ. ಈಗ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಸತ್ತವರಿಗೆ ಗೌರವ ಕೊಡುವುದಕ್ಕೆ ಹೆಚ್ಚು ಶ್ರಮ ಬೇಕಾಗುವುದಿಲ್ಲ.

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಪೇಟೆ. ಸುತ್ತ ಕಣ್ಣು ಹಾಯಿಸಿದಷ್ಟೂ ಮರಗಳೇ. ಆದರೆ ಅವೆಲ್ಲ ಎಸ್ಟೇಟ್ ಗೇಟಿನ ಒಳಗೆ, ಇಳಿಜಾರಿನ ಮೇಲೆ. ರಸ್ತೆ ಅಗಲ ಮಾಡಿದ ಮೇಲೆ ಪೇಟೆಯೊಳಗೆ ನೆರಳೆಂದು ಉಳಿದದ್ದು ಅಂಗಡಿಗಳ ಶೀಟಿನದು ಮಾತ್ರ. ಬಸ್ ಸ್ಟ್ಯಾಂಡಿನಿಂದ ಸರ್ಕಾರಿ ಆಸ್ಪತ್ರೆಯವರೆಗಿನ ಮುನ್ನೂರು ಹೆಜ್ಜೆ ನಮ್ಮಲ್ಲಿ ಸಮತಟ್ಟಾದ ಒಂದೇ ದಾರಿ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿ.

ಅವರ ಹೆಂಡತಿಗೆ ಬೇಕಾಗಿದ್ದದ್ದು ಆ ಮುನ್ನೂರು ಹೆಜ್ಜೆ. ಆಕೆ ಕಾಫಿ ಬೀಜ ಆರಿಸುವ ಕೆಲಸದಲ್ಲಿ ವರ್ಷಗಟ್ಟಲೆ ಹೊಟ್ಟಿನ ಧೂಳು ಕುಡಿದು ಎದೆ ಕೆಡಿಸಿಕೊಂಡಿದ್ದರು. ಹತ್ತು ಹೆಜ್ಜೆ ನಡೆದರೆ ನಿಲ್ಲಬೇಕು. ಆಸ್ಪತ್ರೆಯ ಡಾಕ್ಟರು ದಿನಾ ನಡೆಯಲೇಬೇಕು, ಕೂತರೆ ಉಸಿರು ಇನ್ನೂ ಕುಗ್ಗುತ್ತದೆ ಎಂದರು. ಜೊತೆಗೆ ಏರು ಬೇಡ, ಬಿಸಿಲು ಬೇಡ, ಬೆಳಗಿನ ಮಂಜಿನಲ್ಲಂತೂ ಹೊರಗೆ ಬರಲೇಬೇಡಿ ಎಂದೂ ಹೇಳಿದರು.

“ಹಾಗಾದ್ರೆ ಎಲ್ಲಿ ನಡೀಬೇಕು ಸಾರ್? ನಿಮ್ಮ ಮೇಜಿನ ಮೇಲಾ?” ಎಂದರಂತೆ ಇವರು.

ಇದನ್ನು ಡಾಕ್ಟರೇ ನನಗೆ ಹೇಳಿದ್ದು, ನಗುತ್ತ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಆಗಷ್ಟೇ ನಮ್ಮ ಪೇಟೆಯ ಹಸಿರು ಸಮಿತಿಗೆ ಸಂಚಾಲಕಿಯಾಗಿದ್ದೆ. ಆಸ್ಪತ್ರೆ ರಸ್ತೆಗೆ ಗಿಡ ನೆಡಬೇಕು, ಹೊರರೋಗಿಗಳು ಬಿಸಿಲಲ್ಲಿ ಸಾಲು ನಿಂತು ತಲೆ ತಿರುಗಿ ಬೀಳುತ್ತಾರೆ ಎಂದು ಪಂಚಾಯಿತಿಯಿಂದ ಒಪ್ಪಿಗೆ ತಂದವಳು ನಾನೇ. ನರ್ಸರಿಯಿಂದ ಗಿಡ ತರಿಸಿ, ಗುಂಡಿ ತೆಗೆಯಲು ಆಳು ಬೇಕೆಂದು ಹೇಳಿಕಳಿಸಿದಾಗ ಬಂದವರು ಇವರು. ನಲವತ್ತು ವರ್ಷ ಎಸ್ಟೇಟುಗಳಲ್ಲಿ ಮರಗಸಿ ಮಾಡಿದವರು. ಮರಗಸಿ ಎಂದರೆ ಮಳೆ ಹಿಡಿಯುವ ಮುಂಚೆ ಕಾಫಿತೋಟದ ನೆರಳಿನ ಮರ ಹತ್ತಿ ಕೊಂಬೆ ಕಡಿದು ತಲೆ ಹಗುರ ಮಾಡುವುದು. ಒಮ್ಮೆ ಬಿದ್ದು ಸೊಂಟ ಉಳುಕಿ, ಎತ್ತರದ ಮರ ಹತ್ತುವುದನ್ನು ಬಿಟ್ಟಿದ್ದರು.

ಮೊಣಕಾಲುದ್ದದ ಗಿಡಗಳನ್ನು ಕಾಲಿನ ಬೆರಳಿನಿಂದ ಸರಿಸಿ ನೋಡಿದರು. “ಇದು ನೆರಳು ಕೊಡೋದು ಯಾವಾಗ ಟೀಚರಮ್ಮ?”

ನಾನು ಉಪನ್ಯಾಸಕಿ ಎಂದು ಅವರಿಗೆ ಗೊತ್ತಿತ್ತು. ಕೊನೆಯವರೆಗೂ ಟೀಚರಮ್ಮ ಎಂದೇ ಕರೆದರು.

“ಎಂಟು ಹತ್ತು ವರ್ಷ ಬೇಕಾಗುತ್ತೆ,” ಎಂದೆ.

“ಅವಳಿಗೆ ಅಷ್ಟಿಲ್ಲ,” ಎಂದು ಹೊರಟುಹೋದರು.

ಮೂರನೆಯ ದಿನ ಒಂದು ಪಿಕಪ್ಪಿನಲ್ಲಿ ಗೂಟಗಳನ್ನು ಹೇರಿಕೊಂಡು ಬಂದರು. ಗೋಣಿ ಮತ್ತು ಬಸರಿ ಮರಗಳ ಹಸಿ ಕೊಂಬೆಗಳು, ಆಳೆತ್ತರಕ್ಕೂ ಮೀರಿದವು, ತೊಡೆ ದಪ್ಪದವು. ಕಾಫಿತೋಟದಲ್ಲಿ ಬೇಗ ನೆರಳು ಬೇಕಾದಾಗ ಹೀಗೆ ಗೂಟ ಊರುವುದುಂಟು. ಹನ್ನೊಂದು ಊರಿದರು. ನಾನು ಬೇಡ ಎನ್ನಲಿಲ್ಲ. ಮೊದಲ ಮಳೆಗೆ ಗೂಟಗಳು ಚಿಗುರಿದವು. ಮೂರನೆಯ ಬೇಸಿಗೆಗೆ ರಸ್ತೆಯ ಒಂದು ಬದಿ ನೆರಳಾಯಿತು. ಪಂಚಾಯಿತಿಯವರು ಅವರನ್ನೇ ಮರ ನೋಡಿಕೊಳ್ಳುವ ಕೆಲಸಕ್ಕೆ ಇಟ್ಟುಕೊಂಡರು.

ಆ ಕೆಲಸದಲ್ಲಿ ಅವರು ಮಾಡಿದ್ದೆಲ್ಲ ಒಳ್ಳೆಯದೆಂದು ಬರೆಯಲಾರೆ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದ ವಿಧವೆಯೊಬ್ಬಳು ತನ್ನ ಕರುವನ್ನು ಎರಡನೆಯ ಗೂಟಕ್ಕೆ ಕಟ್ಟಿದ್ದಳು. ಇವರು ಬಿಚ್ಚಿ, ಎಸ್ಟೇಟ್ ರಸ್ತೆಗೆ ಅಟ್ಟಿ, ಬೆತ್ತದಿಂದ ಎರಡು ಬಾರಿಸಿ ಓಡಿಸಿಬಿಟ್ಟರು. ಕರು ಎರಡು ದಿನ ಸಿಗಲಿಲ್ಲ. ಚರಂಡಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತು ಎಂದು ಒಬ್ಬರು ನನಗೆ ಹೇಳಿದ್ದಾರೆ, ಸತ್ತೇ ಸಿಕ್ಕಿತು ಎಂದು ಇನ್ನೊಬ್ಬರು. ನೆಟ್ಟಗೆ ಮನೆಗೆ ಬಂತು, ಆ ಹೆಂಗಸು ಸುಮ್ಮನೆ ಅತ್ತಳು ಎಂದು ಇವರ ಹೆಂಡತಿ ಹೇಳುತ್ತಿದ್ದರು. ನಾನು ಕಂಡದ್ದು ಆ ಹೆಂಗಸು ಆಸ್ಪತ್ರೆ ಗೇಟಿನ ಬಳಿ ಅಳುತ್ತ ನಿಂತದ್ದನ್ನು, ಇವರು ಬುಡಕ್ಕೆ ಮಣ್ಣು ಕೂಡಿಸುತ್ತ ತಲೆಯೆತ್ತದೆ ಮಾತಾಡಿದ್ದನ್ನು.

“ಕರು ಎಲ್ಲಿಯಾದ್ರೂ ಸಿಗ್ತದೆ. ಗೂಟ ಅಲ್ಲಾಡಿದ್ರೆ ಬೇರು ಮತ್ತೆ ಹಿಡಿಯಲ್ಲ.”

ಮರಕ್ಕೆ ಮೊಳೆ ಹೊಡೆದು ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ ಒಬ್ಬ ಪುಢಾರಿಯ ಕಡೆಯವರಿಗೂ ಅವರು ಹೆದರಲಿಲ್ಲ. ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಆ ಕಡೆಯವರು ಚಹಾ ಕುಡಿದು ಬರುವಷ್ಟರಲ್ಲಿ ಅಷ್ಟನ್ನೂ ಅವರದೇ ಜೀಪಿನ ಸೀಟಿಗೆ ಮೊನೆ ಮೇಲೆ ಮಾಡಿ ಚುಚ್ಚಿಟ್ಟಿದ್ದರು. ಕೂತವನನ್ನು ಪಕ್ಕದ ಆಸ್ಪತ್ರೆಗೇ ಕರೆದೊಯ್ದರು. “ಹತ್ರವೇ ಉಂಟಲ್ಲ,” ಎಂದರಂತೆ ಇವರು.

ನೆರಳು ಬಂದ ಮೇಲೆ ಡಾಕ್ಟರಿಗೆ ಒಂದು ಅಭ್ಯಾಸವಾಯಿತು. ಸಕ್ಕರೆ ಕಾಯಿಲೆಯವರಿಗೆ, ಬಿಪಿಯವರಿಗೆ, ಆಪರೇಷನ್ ಆಗಿ ಎದ್ದವರಿಗೆ ಚೀಟಿಯಲ್ಲಿ ‘ಬೆಳಿಗ್ಗೆ ನಾಲ್ಕು ಮರ, ಸಂಜೆ ನಾಲ್ಕು ಮರ’ ಎಂದು ಬರೆಯುತ್ತಿದ್ದರು. ಪೇಟೆಯಲ್ಲಿ ಅದೇ ಲೆಕ್ಕವಾಯಿತು. ಬಾಣಂತಿಯ ಆರೋಗ್ಯ ಕೇಳಿದರೆ “ಆರು ಮರ ನಡೀತಾಳೆ” ಎನ್ನುತ್ತಿದ್ದರು. ಸಾಯುವ ಹಾಗಿದ್ದ ಮುದುಕರೊಬ್ಬರ ಬಗ್ಗೆ, “ಇನ್ನೆಂತ, ಒಂದು ಮರವೂ ಇಲ್ಲ” ಎಂದದ್ದನ್ನು ನಾನೇ ಕೇಳಿದ್ದೇನೆ.

ಈ ನಡೆಯುವವರನ್ನು ಇವರು ದನ ಕಾಯುವ ಹಾಗೆ ಕಾಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲ್ ಸಾಹೇಬರು ದಪ್ಪ ಆಳು, ಸಕ್ಕರೆ ಕಾಯಿಲೆ. ಐದನೆಯ ಮರಕ್ಕೆ ಒರಗಿ ನಿಂತರೆ ಇವರು ಆ ಬದಿಯಿಂದ ಕೂಗುವರು.

“ಸಾಹೇಬ್ರೆ, ಮರ ಬೀಳ್ತದೆ. ನೀವು ಬಿದ್ರೂ ಪರವಾಗಿಲ್ಲ, ಮರ ಬಿಡಿ.”

“ಎಂತ ಮಾರಾಯ, ಉಸ್ರು ಬಿಡ್ತೀನಿ ತಡಿ.”

“ಮೈಸೂರ್ ಪಾಕ್ ತಿನ್ನುವಾಗ ತಡೆದಿದ್ರೆ ಈಗ ತಡೀಬಹುದಿತ್ತು. ನಡೀರಿ.”

ಸಾಹೇಬರು ಬೈಯುತ್ತ ನಡೆದರು. ಅವರ ಕಾಲಿನ ಹುಣ್ಣು ಮಾಗಿತು ಎಂದು ಡಾಕ್ಟರು ಹೇಳಿದ ನೆನಪು. ನಾನು ಹೇಳಿಸಿಕೊಂಡೆನೋ, ಹಾಗೆ ಆಗಲಿ ಎಂದುಕೊಂಡೆನೋ, ಈಗ ನಿಶ್ಚಯವಿಲ್ಲ.

ಹೆಂಡತಿಯ ಜೊತೆಗಂತೂ ಅವರನ್ನು ನೋಡಲಾಗುತ್ತಿರಲಿಲ್ಲ. ಸಂಜೆ ನಾಲ್ಕೂವರೆಗೆ ಆಕೆಯನ್ನು ಮೊದಲ ಮರದಡಿ ನಿಲ್ಲಿಸಿ, ಕೈ ಬಿಟ್ಟು, ತಾವು ಎರಡನೆಯ ಮರಕ್ಕೆ ಹೋಗಿ ನಿಲ್ಲುವರು. “ಬಾ.” ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಬರುವರು. ಮುಟ್ಟುವಷ್ಟರಲ್ಲಿ ಇವರು ಮೂರನೆಯದಕ್ಕೆ. “ಬಾ. ನಿಂತ್ರೆ ಅಲ್ಲೇ ಸಾಯ್ತೀಯ.” ಒಮ್ಮೆ ಆಕೆ ದಾರಿಯ ನಡುವೆ ಕುಸಿದು ಕೂತಾಗ ನಾನು ಓಡಿಹೋಗಿ ಎತ್ತಲು ಬಗ್ಗಿದೆ.

“ಬಿಡಿ ಅವಳನ್ನ. ನಾಳೆ ಎತ್ತಕ್ಕೆ ನೀವು ಬರ್ತೀರಾ?” ಎಂದರು.

ಕೂತಲ್ಲಿಂದಲೇ ಆಕೆ ನಕ್ಕರು. ಆ ನಗುವಿನಲ್ಲಿ ಸೀಟಿಯ ಸದ್ದಿತ್ತು. “ನೀವು ಬೇಜಾರು ಮಾಡ್ಕೋಬೇಡಿ ಟೀಚರಮ್ಮ. ನಲವತ್ತು ವರ್ಷ ಮರದ ತುದೀಲಿ ಕೂತು ಕೆಳಗಿನವರಿಗೆ ಕೂಗಿ ಕೂಗಿ, ಇವರಿಗೆ ಮೆಲ್ಲ ಮಾತಾಡಕ್ಕೆ ಬರಲ್ಲ.”

ಮೊದಲ ವರ್ಷ ಎರಡು ಮರ ನಡೆಯುತ್ತಿದ್ದ ಆಕೆ ನಾಲ್ಕನೆಯ ವರ್ಷ ಹನ್ನೊಂದೂ ನಡೆದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕೆಮ್ಮಿ, ತಿರುಗಿ ನಡೆದು ಬಂದದ್ದನ್ನು ನಾನು ಕಂಡಿದ್ದೇನೆ. ಇದು ಡೈರಿಯಲ್ಲೂ ಇದೆ.

ಪ್ರತಿ ಮೇ ತಿಂಗಳಲ್ಲಿ ಅವರು ಯಾರನ್ನೂ ಕೇಳದೆ ಕತ್ತಿ ಹಿಡಿದು ಮರಗಸಿ ಮಾಡಿಬಿಡುತ್ತಿದ್ದರು. ಬೇಸಿಗೆ ಪೂರ್ತಿ ಕೊಡೆ ಹಿಡಿದಂತಿದ್ದ ಮರಗಳು ಒಂದೇ ವಾರದಲ್ಲಿ ತಲೆ ಬೋಳಿಸಿಕೊಂಡ ಹಾಗೆ ನಿಲ್ಲುತ್ತಿದ್ದವು. ತೋಟದವರಿಗೆ ಇದು ಹೊಸದಲ್ಲ, ಪೇಟೆಯವರಿಗೆ ಹೊಸದು. ಐದನೆಯ ವರ್ಷ ಯಾರೋ ಬೋಳು ಮರಗಳ ಫೋಟೋ ತೆಗೆದು ‘ಮರದ ಕಟುಕ’ ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಎಲ್ಲರೂ ಕನಿಕರಪಟ್ಟರು, ಮರಗಳ ಬಗ್ಗೆ. ಸಮಿತಿ ಸೇರಿ, ಸಂಚಾಲಕಿಯ ಸಹಿ ಇಲ್ಲದೆ ಒಂದು ಕೊಂಬೆಯನ್ನೂ ಮುಟ್ಟಬಾರದು, ಮುಟ್ಟಿದರೆ ಬೇರೆಯವರನ್ನು ಇಡುವುದು ಎಂದು ತೀರ್ಮಾನಿಸಿತು. ಆ ತೀರ್ಮಾನವನ್ನು ಅವರಿಗೆ ಓದಿ ಹೇಳಿದವಳೂ ನಾನೇ. ಓದುವಾಗ ಅವರು ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದರು.

ಮರುವರ್ಷ ಮೇ ಕೊನೆಗೆ ಅರ್ಜಿ ಬರೆಸಿಕೊಂಡು ಕಾಲೇಜಿಗೇ ಬಂದರು. ಪರಿಸರ ದಿನಕ್ಕೆ ಜಿಲ್ಲೆಯಿಂದ ಅಧಿಕಾರಿಗಳು ಬರುವವರಿದ್ದರು. ‘ನಡೆಯುವ ಆಸ್ಪತ್ರೆ’ ಎಂದು ನಮ್ಮ ರಸ್ತೆಯನ್ನು ತೋರಿಸುವ ಕಾರ್ಯಕ್ರಮ. ಆ ಹೆಸರಿಟ್ಟವಳೂ ನಾನೇ. ಬೋಳು ಮರಗಳ ಕೆಳಗೆ ಯಾವ ಮುಖ ಹೊತ್ತು ನಿಲ್ಲುವುದು?

“ಜೂನ್ ಐದು ಕಳೆಯಲಿ. ಆರಕ್ಕೆ ಶುರು ಮಾಡಿ,” ಎಂದೆ.

“ಆರಕ್ಕೆ ಮಳೆ ಹಿಡಿದ್ರೆ ಮರ ಹತ್ತದು ಯಾರು? ನೀವಾ?”

“ಒಂದು ವಾರದಲ್ಲಿ ಏನಾಗುತ್ತೆ?”

“ಗೂಟದ ಮರ, ಟೀಚರಮ್ಮ. ಇದಕ್ಕೆ ತಾಯಿಬೇರಿಲ್ಲ. ಸುತ್ತ ಹಬ್ಬಿದ ಬೇರು ಅಷ್ಟೇ. ತಲೆ ಭಾರ ಆಗಿ ಗಾಳಿ ಹಿಡಿದ್ರೆ ಮಗುಚಿ ಬೀಳ್ತದೆ.”

ಇದನ್ನು ಅವರು ಹೇಳಬೇಕಾಗಿರಲಿಲ್ಲ. ಗೂಟದಿಂದ ಬೆಳೆದ ಗಿಡಕ್ಕೆ ತಾಯಿಬೇರು ಇರುವುದಿಲ್ಲ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತೇನೆ. ಅವತ್ತಿನ ಡೈರಿಯಲ್ಲಿ ಇರುವುದು ಇಷ್ಟು: ‘ಬಂದಿದ್ದ. ಮರದ ವಿಷಯ. ಆಮೇಲೆ ನೋಡೋಣ ಎಂದೆ.’ ಅವರು ಬಾಗಿಲ ಹೊರಗೇ ನಿಂತು ಮಾತಾಡಿದರು ಎಂದು ನನ್ನ ನೆನಪು. ಇಲ್ಲ, ಒಳಗೆ ಕೂತು ಕಾಫಿ ಕುಡಿದರು, ನೀವೇ ತರಿಸಿದಿರಿ ಎನ್ನುತ್ತಾರೆ ನಮ್ಮ ವಿಭಾಗದ ಸಹೋದ್ಯೋಗಿ. ಹೋಗುವಾಗ ಅವರು, “ಬೀಳೋದು ಯಾವುದು ಅಂತ ಬೇಕಾದ್ರೆ ಈಗ್ಲೇ ಬರ್ಕೊಳ್ಳಿ, ಏಳನೇದು” ಎಂದರು ಎಂಬುದೂ ನನ್ನ ನೆನಪಿನಲ್ಲಿದೆ. ಇದನ್ನು ಸಹೋದ್ಯೋಗಿ ಕೇಳಿಸಿಕೊಂಡಿಲ್ಲ. ನಂತರ ನಾನೇ ಸೇರಿಸಿಕೊಂಡಿರಬಹುದು.

ಮಳೆ ಜೂನ್ ನಾಲ್ಕಕ್ಕೇ ಹಿಡಿಯಿತು. ಅಧಿಕಾರಿಗಳು ಕೊಡೆ ಹಿಡಿದು ಫೋಟೋ ತೆಗೆಸಿಕೊಂಡರು. ತೊಪ್ಪೆಯಾದ ಕಾಂಡ ಮತ್ತೆ ಒಣಗಲಿಲ್ಲ, ಹತ್ತಲು ಆಗಲಿಲ್ಲ.

ಆಷಾಢದ ಗಾಳಿಗೆ ಮಧ್ಯಾಹ್ನದ ಹೊತ್ತು ಒಂದು ಮರ ಬುಡಸಮೇತ ಮಗುಚಿತು. ಏಳನೆಯದೇ. ಹೊರನಾಡಿಗೆ ಹೋಗಿ ಬರುತ್ತಿದ್ದ ಬಯಲುಸೀಮೆಯ ಕುಟುಂಬವೊಂದು ತಿರುವುಗಳಲ್ಲಿ ವಾಂತಿ ಮಾಡಿಕೊಂಡ ಮಗಳಿಗೆ ಮಾತ್ರೆ ಕೊಡಿಸಲು ಅಲ್ಲಿ ಇಳಿದಿತ್ತು. ತಂದೆ ಮರದ ಕೆಳಗೆ ಚಪ್ಪಲಿ ಕೊಡವುತ್ತ ನಿಂತಿದ್ದರು. ಎಡಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಕೊಂಬೆ ಕಡಿದು ಅವರನ್ನು ಹೊರಗೆಳೆದವರು ಇವರೇ. ಕಡಿಯುವಾಗಲೂ ಬೈಯುತ್ತಿದ್ದರು, ಯಾರನ್ನು ಎಂದು ತಿಳಿಯಲಿಲ್ಲ.

ಪಂಚಾಯಿತಿಯಲ್ಲಿ ಸಭೆ ಕರೆದರು. ಜನ ಬಾಗಿಲವರೆಗೆ ತುಂಬಿದ್ದರು. ಇವರು ಬಾಗಿಲ ಹೊರಗೆ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದರು, ಇದು ಖಂಡಿತ. ಮರ ಯಾಕೆ ಬಿತ್ತು ಎಂದು ಅಧ್ಯಕ್ಷರು ಕೇಳಿದರು. “ಮೇಡಂ, ನೀವು ಓದಿದವರು, ಹೇಳಿ.”

ನಾನು ಎದ್ದು ನಿಂತು, ಗೂಟದಿಂದ ಬೆಳೆದ ಮರಗಳಿಗೆ ತಾಯಿಬೇರು ಇರುವುದಿಲ್ಲ, ಆದ್ದರಿಂದ ಗಾಳಿಗೆ ತಡೆಯುವುದಿಲ್ಲ ಎಂದು ವಿವರಿಸಿದೆ. ಅದರಲ್ಲಿ ಒಂದು ಶಬ್ದವೂ ತಪ್ಪಿರಲಿಲ್ಲ. ಎಲ್ಲರೂ ಬಾಗಿಲ ಕಡೆ ತಿರುಗಿದರು. ಗೂಟ ಊರಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಈಗ ಅರ್ಜಿಯ ಮಾತು ತೆಗೆಯುತ್ತಾರೆ ಎಂದು ಕಾದೆ. ತೆಗೆದರೆ ಏನು ಹೇಳಬೇಕೆಂದು ವಾಕ್ಯವನ್ನೂ ಜೋಡಿಸಿಕೊಂಡಿದ್ದೆ.

“ಟೀಚರಮ್ಮ ಸರಿಯಾಗೇ ಹೇಳಿದ್ರು,” ಎಂದರು ಅವರು. “ತಾಯಿಬೇರಿಲ್ಲ.”

ಅಷ್ಟೇ. ನನ್ನ ಮೇಲಿನ ಕನಿಕರದಿಂದ ಹಾಗಂದರೆಂದು ಕೆಲವು ವರ್ಷ ನಂಬಿದ್ದೆ. ಹಾಗಲ್ಲ, ನನ್ನನ್ನು ಆ ಮಾತಿನ ಜೊತೆ ಒಬ್ಬಳೇ ಬಿಟ್ಟುಹೋದರು ಎಂದು ಈಗ ಅನ್ನಿಸುತ್ತದೆ. ಹಾಗೆ ಮಾಡಬಲ್ಲವರಾಗಿದ್ದರು.

ಉಳಿದ ಹತ್ತನ್ನೂ ತೆಗೆಯಬೇಕೆಂದು ಸಭೆ ಒಪ್ಪಿತು. ಮಳೆ ನಿಂತ ಮೇಲೆ ಮರಗಸಿ ಮಾಡಿದರೆ ಸಾಕು, ತೆಗೆಯಬೇಕಾಗಿಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ, ಮೊದಲೇ ಯಾಕೆ ಮಾಡಲಿಲ್ಲ ಎಂದು ಯಾರಾದರೂ ಕೇಳುತ್ತಿದ್ದರು.

ಕಡಿಯುವ ಕೆಲಸವನ್ನು ಅವರೇ ಕೇಳಿ ತೆಗೆದುಕೊಂಡರು. “ಬೇರೆಯವರಿಗೆ ಕೊಟ್ರೆ ಕರೆಂಟ್ ತಂತಿ ಮೇಲೆ ಕೆಡವ್ತಾರೆ,” ಎಂದರು. ನಾಲ್ಕು ದಿನ ಹಿಡಿಯಿತು. ಅವರ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಪ್ರತಿ ಮರ ಬಿದ್ದಾಗಲೂ ರಸ್ತೆಯಲ್ಲಿ ಅಷ್ಟಗಲ ಬೆಳಕು ಬಿಚ್ಚಿಕೊಳ್ಳುತ್ತಿತ್ತು. ನಾಲ್ಕನೆಯ ದಿನ ನಾನು ಹೋಗಿ, ಸಮಿತಿಯಿಂದ ಈ ಬಾರಿ ಸರಿಯಾದ ಗಿಡಗಳನ್ನು, ಬೀಜದಿಂದ ಎಬ್ಬಿಸಿದವನ್ನು ನೆಡೋಣ, ನೀವೇ ನೋಡಿಕೊಳ್ಳಿ ಎಂದೆ. ಒಳ್ಳೆಯ ಮಾತು ಆಡಲು ಹೋಗಿದ್ದೆ.

ಅವರು ಕೊಡಲಿ ಕೆಳಗಿಟ್ಟು ಹೆಂಡತಿಯ ಕಡೆ ಕೈ ತೋರಿಸಿದರು. “ಅವಳಿಗೆ ಹೇಳಿ.”

“ಏನಂತ?”

“ಎಷ್ಟು ವರ್ಷಕ್ಕೆ ನೆರಳು ಬರ್ತದೆ ಅಂತ. ಹೋಗಿ ಹೇಳಿ, ಟೀಚರಮ್ಮ. ನೀವು ಓದಿದವರು.”

ಹೋಗಿ ಹೇಳಿದೆ. ಹೇಳದೆ ಅಲ್ಲಿಂದ ಬರುವ ದಾರಿ ನನಗೆ ತೋಚಲಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡು, ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು.

“ಆಗ್ಲಿ, ಒಳ್ಳೇದೇ. ಅಲ್ಲಿವರೆಗೆ ನಾನು ಎಲ್ಲಿ ನಡೀಲಿ?”

“ಬಿಸಿಲು ಏರುವ ಮುಂಚೆ, ಬೆಳಿಗ್ಗೆ ನಡೆಯಬಹುದು,” ಎಂದೆ. ಮಂಜಿನಲ್ಲಿ ಹೊರಗೆ ಬರಬಾರದೆಂದು ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಂದ ಬಂತು.

ಹಿಂದಿನಿಂದ ಅವರು ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಕೇಳ್ದ್ಯೇನೇ? ಬೆಳಿಗ್ಗೆ ಎದ್ದು ಮಂಜಿನಲ್ಲಿ ನಡೀಬೇಕಂತೆ. ಬಾಟನಿ ಓದಿದವರು ಹೇಳ್ತಾರೆ.”

ಮಳೆಗಾಲ ಮುಗಿದ ಮೇಲೆ ಆಕೆ ಕೆಲವು ದಿನ ಬಿಸಿಲಲ್ಲೇ ಪ್ರಯತ್ನಿಸಿದರಂತೆ. ಪ್ರವಾಸಿಗರ ಕಾರುಗಳು ಎಬ್ಬಿಸುವ ಧೂಳಿನಲ್ಲಿ ಮೂರು ಲೈಟ್ ಕಂಬದಷ್ಟು ದೂರ, ಆಮೇಲೆ ಎರಡು, ಆಮೇಲೆ ಬಾಗಿಲವರೆಗೆ. ಡಾಕ್ಟರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹೊರರೋಗಿಗಳು ಮತ್ತೆ ಬಿಸಿಲಲ್ಲಿ ಸಾಲು ನಿಲ್ಲತೊಡಗಿದರು. ಯಾರೂ ದೂರು ಕೊಡಲಿಲ್ಲ. ಬೀಳಲು ಮರವಿಲ್ಲವಲ್ಲ ಎಂಬ ನೆಮ್ಮದಿ ಇದ್ದಿರಬೇಕು. ನಾನು ಆ ರಸ್ತೆ ಬಿಟ್ಟು ಮೇಲಿನ ಏರು ದಾರಿಯಲ್ಲಿ ಕಾಲೇಜಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಗಿಡ ನೆಡುವ ಕೆಲಸ ಹಾಗೇ ಉಳಿದಿತ್ತು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಎರಡನೆಯ ಪೀರಿಯಡ್ ನಡೆಯುತ್ತಿತ್ತು. ಅವರು ತರಗತಿಯ ಬಾಗಿಲಿಗೆ ಬಂದು ನಿಂತರು. ತಲೆ ಬೋಳಿಸಿದ್ದರು. ಯಾರೋ ಹುಡುಗಿ “ಮೇಡಂ, ಯಾರೋ ಬಂದಿದಾರೆ” ಎಂದಳು. ನಾನು ಚಾಕ್ ಹಿಡಿದುಕೊಂಡೇ ತಿರುಗಿದೆ.

“ಟೀಚರಮ್ಮ, ಇನ್ನು ಅವಸರ ಇಲ್ಲ,” ಎಂದರು. “ನಿಮ್ಮ ಗಿಡ ಈಗ ನೆಡಬಹುದು. ಬೀಜದಿಂದ್ಲೇ ಮಾಡಿ.”

ಹೇಳಿ ನಿಲ್ಲಲಿಲ್ಲ, ಕುಂಟುತ್ತ ಮೆಟ್ಟಿಲಿಳಿದು ಹೋದರು. ಯಾರೋ ನರ್ಸರಿಯವರಿರಬೇಕೆಂದುಕೊಂಡು ಹಿಂದಿನ ಬೆಂಚಿನಲ್ಲಿ ಇಬ್ಬರು ಕಿಸಕ್ಕೆಂದರು. ನಾನು ಬೋರ್ಡಿನ ಕಡೆ ತಿರುಗಿ, ಎಲ್ಲಿ ನಿಲ್ಲಿಸಿದ್ದೆ ಎಂದು ಆ ಇಬ್ಬರನ್ನೇ ಕೇಳಿ, ಗಂಟೆ ಹೊಡೆಯುವವರೆಗೂ ಪಾಠ ಮಾಡಿದೆ.